ಮೂವತ್ತು ಪಿಕೋಫ್ಯಾರಡ್‌ನ ಕಥೆ

ಆಪ್-ಆಂಪ್ ಅಂದಕೂಡಲೇ ನನಗೆ ನೆನಪಾಗೋದು ಕಾಲೇಜು ಲ್ಯಾಬಿನ 741. ಎರಡು ರೆಸಿಸ್ಟರ್ ಹಾಕಿದರೆ ಸಾಕು, ತೆಪ್ಪಗೆ ಕೆಲಸ ಮಾಡುತ್ತಿತ್ತು. ಆಮೇಲೊಮ್ಮೆ ಎನ್‌ಇ 5534 ಚಿಪ್ಪನ್ನು ಗೇನ್ 1ರಲ್ಲಿ ಜೋಡಿಸಿದೆ. ಇನ್‌ಪುಟ್ಟೇ ಕೊಟ್ಟಿಲ್ಲ, ಆಸಿಲೋಸ್ಕೋಪಿನಲ್ಲಿ ಅಲೆ ಕುಣೀತಾ ಇದೆ! ಇತಿಹಾಸ ಕೆದಕಿದ್ದು ಆಗಲೇ.

ಕಲ್ಯಾಣಮಂಟಪದಲ್ಲಿ ಮೈಕು ಕುಂಯ್ ಅನ್ನೋದು ಕೇಳಿದೀರಲ್ಲ, ಇದೂ ಅದೇ ಜಾತಿಯ ಕಾಯಿಲೆ. ಔಟ್‌ಪುಟ್ಟಿನ ಒಂದು ಪಾಲನ್ನು ತಿರುಗಿಸಿ ಇನ್‌ಪುಟ್ಟಿಗೆ ಕೊಡುವುದು ನೆಗೆಟಿವ್ ಫೀಡ್‌ಬ್ಯಾಕ್. ಆದರೆ ಫ್ರೀಕ್ವೆನ್ಸಿ ಏರಿದಂತೆ ಚಿಪ್ಪಿನೊಳಗೆ ಸಿಗ್ನಲ್ ಹಿಂದೆ ಬೀಳುತ್ತಾ ಹೋಗುತ್ತೆ. 180 ಡಿಗ್ರಿ ಹಿಂದೆ ಬಿದ್ದರೆ ನೆಗೆಟಿವ್ ಪಾಸಿಟಿವ್ ಆಗುತ್ತೆ. ಆಗಲೂ ಲೂಪಿನಲ್ಲಿ ಶಕ್ತಿ ಉಳಿದಿದ್ದರೆ ಆಂಪ್ಲಿಫೈಯರ್ ಆಸಿಲೇಟರ್ ಆಗುತ್ತೆ. ಗೇನ್ ಕಮ್ಮಿ ಇದ್ದಷ್ಟೂ ಹಿಂತಿರುಗುವ ಪಾಲು ಹೆಚ್ಚು, ಹಾಗಾಗಿ ಅಪಾಯವೂ ಹೆಚ್ಚು.

ಬಾಬ್ ವಿಡ್ಲರ್ ಫೇರ್‌ಚೈಲ್ಡ್‌ನಲ್ಲಿ 1965ರಲ್ಲಿ ಮಾಡಿದ 709ರಲ್ಲಿ ಈ ಹೊಣೆ ಬಳಸುವವನದೇ ಆಗಿತ್ತು. ಗೇನ್ 1000ಕ್ಕೆ ಇನ್‌ಪುಟ್ ಕಡೆ 10 ಪಿಕೋಫ್ಯಾರಡ್ ಸಾಕು. ಗೇನ್ 1ಕ್ಕೆ 5000 ಪಿಕೋಫ್ಯಾರಡ್, ಜತೆಗೆ 1.5 ಕಿಲೋ ಓಮ್, ಔಟ್‌ಪುಟ್ ಕಡೆ ಇನ್ನೊಂದು 200! 1967ರಲ್ಲಿ ನ್ಯಾಷನಲ್‌ನಲ್ಲಿ ಅವನೇ ಮಾಡಿದ ಎಲ್‌ಎಂ 101ಕ್ಕೆ ಹೊರಗಡೆ ಒಂದೇ 30 ಪಿಕೋಫ್ಯಾರಡ್ ಸಾಕಾಯಿತು. 1968ರಲ್ಲಿ ಫೇರ್‌ಚೈಲ್ಡ್‌ನ ಡೇವ್ ಫುಲಗಾರ್ ಆ 30ನ್ನು ಚಿಪ್ಪಿನೊಳಗೇ ಇಟ್ಟ. ಅದೇ 741.

ಸುಖಕ್ಕೆ ಬೆಲೆ ಇದ್ದೇ ಇತ್ತು. ಗೇನ್ 100 ಬೇಕಾದವನೂ ಗೇನ್ 1ರ ಹೊರೆ ಹೊರಬೇಕು. 741ರ ಔಟ್‌ಪುಟ್ ಮೈಕ್ರೊಸೆಕೆಂಡಿಗೆ ಅರ್ಧ ವೋಲ್ಟಷ್ಟೇ ಓಡುತ್ತೆ. ಅದಕ್ಕೇ ಕೆಪಾಸಿಟರ್ ಚಿಕ್ಕದು ಮಾಡಿದ "ಡಿಕಾಂಪೆನ್ಸೇಟೆಡ್" ಚಿಪ್ಪುಗಳು ಬಂದವು. ಓಪಿ 27 ಮೈಕ್ರೊಸೆಕೆಂಡಿಗೆ 2.8 ವೋಲ್ಟ್ ಓಡಿದರೆ ಅದರ ತಮ್ಮ ಓಪಿ 37 ಓಡೋದು 17. ಷರತ್ತು ಒಂದೇ, ಗೇನ್ 5ಕ್ಕಿಂತ ಇಳಿಯಬಾರದು.

ನನ್ನ 5534ಕ್ಕೆ ಆ ಮಿತಿ 3. ಮದ್ದು ಡೇಟಾಶೀಟಿನಲ್ಲೇ ಇತ್ತು: 5 ಮತ್ತು 8ನೇ ಪಿನ್ನುಗಳ ನಡುವೆ 22 ಪಿಕೋಫ್ಯಾರಡ್. ಹಾಕಿದೆ, ಕುಣಿತ ನಿಂತಿತು. ವೇಗ 13ರಿಂದ 6 ವೋಲ್ಟಿಗೆ ಇಳಿಯಿತು ಅನ್ನೋದು ಬೇರೆ ಮಾತು. ಓಪಿ 37ರಲ್ಲಿ ಅಂಥ ಪಿನ್ನೇ ಇಲ್ಲ. ಇನ್ವರ್ಟಿಂಗ್ ಸರ್ಕಿಟ್ಟಾದರೆ ಎರಡು ಇನ್‌ಪುಟ್ಟುಗಳ ನಡುವೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸರಣಿಯಲ್ಲಿ ಹಾಕಬಹುದು. ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಫೀಡ್‌ಬ್ಯಾಕ್ ಪಾಲು ಇಳಿದು, ಚಿಪ್ಪು ತಾನು ಗೇನ್ 5ರಲ್ಲೇ ಇದೀನಿ ಅಂದುಕೊಳ್ಳುತ್ತೆ. ಸಿಗ್ನಲ್ಲಿನ ಗೇನ್ ಮಾತ್ರ ಹಾಗೇ ಇರುತ್ತೆ. ವೇಗ ಉಳಿಯುತ್ತೆ, ಆದರೆ ನಾಯ್ಸ್ ಏರುತ್ತೆ.

709ರ ಕಾಲದವರು ಇದನ್ನೆಲ್ಲ ಕಲಿಯದೆ ಒಂದು ಸರ್ಕಿಟ್ಟೂ ಮುಗಿಸುವ ಹಾಗಿರಲಿಲ್ಲ. ನಮಗೆ 741 ಆ ಪಾಠವನ್ನೇ ತಪ್ಪಿಸಿತು ಅನ್ನಿಸುತ್ತೆ. ನಿಮಗೇನನ್ನಿಸುತ್ತೆ?