ತಾಳಗುಂದದ ಕಂಬವೂ ನಮ್ಮ ಮನೆಯ ವಂಶವೃಕ್ಷವೂ

ನಿವೃತ್ತನಾದ ಮೇಲೆ ನಮ್ಮ ಮನೆತನದ ವಂಶವೃಕ್ಷವನ್ನು ಬರೆಯಲು ಕುಳಿತೆ. ಹಳೆಯ ಕಾಗದಪತ್ರಗಳಿಂದಲೂ ಹಿರಿಯರ ನೆನಪಿನಿಂದಲೂ ಆರು ತಲೆಮಾರುಗಳು ದೊರೆತವು. ಅದಕ್ಕೂ ಹಿಂದಕ್ಕೆ ಹೋಗುವ ದಾರಿ ಕಾಣಲಿಲ್ಲ. ಬಂಧುಗಳೊಬ್ಬರು, "ನಮ್ಮ ಮೂಲಪುರುಷರನ್ನು ಕರೆತಂದವನು ಮುಕ್ಕಣ್ಣ ಕದಂಬನಂತೆ. ಅಲ್ಲಿಂದಲೇ ಶುರು ಮಾಡು" ಎಂದರು. ಹಾಗೆ ಬರೆಯುವ ಮೊದಲು ಕದಂಬರು ತಮ್ಮ ವಂಶವನ್ನು ಹೇಗೆ ಹೇಳಿಕೊಂಡರೆಂದು ನೋಡಬೇಕೆನಿಸಿತು.

ಅದಕ್ಕೆ ದೂರ ಹೋಗಬೇಕಾಗಿರಲಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ, ಐದನೆಯ ಶತಮಾನದ ಸಂಸ್ಕೃತ ಸ್ತಂಭಶಾಸನವಿದೆ. ಬಿ. ಎಲ್. ರೈಸರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಇದನ್ನು ಅಚ್ಚು ಮಾಡಿದರು. ಕುಬ್ಜನೆಂಬ ಕವಿ ರಚಿಸಿದ ಈ ಶಾಸನ ಮಯೂರಶರ್ಮ, ಕಂಗವರ್ಮ, ಭಗೀರಥ, ಅವನ ಮಕ್ಕಳಾದ ರಘು ಮತ್ತು ಕಾಕುಸ್ಥವರ್ಮ, ಆಮೇಲೆ ಶಾಂತಿವರ್ಮ ಎಂದು ಐದು ತಲೆಮಾರುಗಳನ್ನು ಕೊಡುತ್ತದೆ. ಮನೆಯ ಬಳಿ ಬೆಳೆದಿದ್ದ ಕದಂಬವೃಕ್ಷದಿಂದ ಕುಲಕ್ಕೆ ಆ ಹೆಸರು ಬಂದಿತೆನ್ನುತ್ತದೆ. ವೇದಾಧ್ಯಯನಕ್ಕೆಂದು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಗಿ ಖಡ್ಗ ಹಿಡಿದನೆನ್ನುತ್ತದೆ.

ಆರು ಶತಮಾನಗಳ ಬಳಿಕದ ಕದಂಬ ಶಾಸನಗಳನ್ನು ಓದಿದರೆ ಕಥೆಯೇ ಬೇರೆ. ಅಲ್ಲಿ ಮೂಲಪುರುಷನು ಕದಂಬವೃಕ್ಷದಡಿ ಬಿದ್ದ ಶಿವನ ಬೆವರಹನಿಯಿಂದ ಹುಟ್ಟಿದ ಮುಕ್ಕಣ್ಣ! ಮರವೊಂದೇ ಉಳಿದಿದೆ, ಮನೆಯಂಗಳ ಮಾಯವಾಗಿದೆ. ಕದಂಬರ ಮಾನವ್ಯಗೋತ್ರ, ಹಾರೀತೀಪುತ್ರ ಎಂಬ ಹೆಸರುಗಳೂ ಅವರೊಬ್ಬರವಲ್ಲ. ಅದೇ ತಾಲ್ಲೂಕಿನ ಮಳವಳ್ಳಿಯ ಕಂಬದಲ್ಲಿ ಚುಟುಕುಲದ ಶಾತಕರ್ಣಿಯೂ, ಮುಂದೆ ಬಾದಾಮಿಯ ಚಾಲುಕ್ಯರೂ ಅವನ್ನೇ ಹೇಳಿಕೊಂಡರು. ಸಿಂಹಾಸನದೊಡನೆ ಪೂರ್ವಿಕರೂ ದೊರೆಯುತ್ತಿದ್ದರೋ ಏನೋ!

ಇನ್ನೊಂದು ಸಂಗತಿ ನನ್ನನ್ನು ಕಾಡಿತು. ಕಾಕುಸ್ಥವರ್ಮನ ಹೆಣ್ಣುಮಕ್ಕಳು ಗುಪ್ತರೇ ಮೊದಲಾದ ರಾಜಕುಲಗಳಿಗೆ ಸೊಸೆಯರಾದರೆಂದು ತಾಳಗುಂದದ ಶಾಸನ ಹೆಮ್ಮೆಯಿಂದ ಹೇಳುತ್ತದೆ. ಅವರ ಹೆಸರನ್ನು ಮಾತ್ರ ಹೇಳುವುದಿಲ್ಲ. ಮನೆಗೆ ಬಂದು ನನ್ನ ಕಾಗದವನ್ನು ಬಿಡಿಸಿ ನೋಡಿದೆ. ಆರು ತಲೆಮಾರುಗಳಲ್ಲಿ ಹೆಣ್ಣುಮಕ್ಕಳು ಒಬ್ಬರೂ ಇರಲಿಲ್ಲ. ನಲವತ್ತು ವರ್ಷ ಇತಿಹಾಸ ಕಲಿಸಿದವನ ಕೈಬರಹ ಅದು!

ಮರುವಾರ ಸೊರಬ ತಾಲ್ಲೂಕಿನ ಹಳ್ಳಿಯಲ್ಲಿರುವ ಸೋದರತ್ತೆಯ ಮನೆಗೆ ಹೋದೆ. ತೊಂಬತ್ತರ ಹತ್ತಿರದ ಆಕೆ ಜಗಲಿಯಲ್ಲಿ ಕುಳಿತು, ಯಾವ ಯಾವ ಊರಿಗೆ ಯಾರು ಯಾರನ್ನು ಕೊಟ್ಟರೆಂದು ಬೆರಳು ಮಡಿಸುತ್ತ ಹದಿನಾಲ್ಕು ಹೆಸರು ಹೇಳಿದರು. "ಇಷ್ಟು ದಿನ ಯಾರೂ ಕೇಳಿರಲಿಲ್ಲವಲ್ಲೋ" ಎಂದರು.

ಆ ಹದಿನಾಲ್ಕೂ ಈಗ ವೃಕ್ಷದಲ್ಲಿವೆ. ಮೇಲೆ ಮುಕ್ಕಣ್ಣನನ್ನು ಬರೆಯಲಿಲ್ಲ. ಆ ಜಾಗ ಖಾಲಿಯಾಗಿಯೇ ಇರಲಿ.