ರಸ್ತೆ ಯಾರಪ್ಪಂದು?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗೋ ರಸ್ತೆಯ ನಟ್ಟನಡುವೆ ಚಿಗರಿ ಬಸ್ಸುಗಳಿಗೆ ಅಂತಲೇ ಒಂದು ದಾರಿ ಇದೆ. ಸುಮಾರು 22 ಕಿಲೋಮೀಟರ್. 2018ರಲ್ಲಿ ಬಸ್ಸು ಓಡೋಕೆ ಶುರುವಾಯ್ತು, 2020ರ ಫೆಬ್ರವರಿಯಲ್ಲಿ ಅಧಿಕೃತ ಉದ್ಘಾಟನೆಯೂ ಆಯ್ತು. ಆ ದಾರಿಯ ಬಗ್ಗೆ ಒಂದು ಮಾತು ಮಾತ್ರ ನಿಂತೇ ಇಲ್ಲ: ‘ನಡುವಿನ ದಾರಿ ಖಾಲಿ ಬಿದ್ದದ, ನಾವು ಬಾಜೂಕ ಟ್ರಾಫಿಕ್‌ನ್ಯಾಗ ಸಿಕ್ಕೊಂಡೀವಿ. ಎಲ್ಲಾರಿಗೂ ಬಿಟ್ಟುಬಿಡ್ರಿ ಅದನ್ನ.’

ಈ ಮಾತು ಹುಬ್ಬಳ್ಳಿಯಲ್ಲಿ ಹುಟ್ಟಿದ್ದು ಅಂದ್ಕೊಂಡ್ರಾ? ಇದಕ್ಕೆ ಐವತ್ತು ವರ್ಷ ದಾಟಿದೆ. ಇದು ಎಲ್ಲೆಲ್ಲಿ ಕೇಳಿಬಂತು, ಎಲ್ಲಿ ಸೋತಿತು, ಎಲ್ಲಿ ಗೆದ್ದಿತು ಅನ್ನೋ ಕಥೆ ಗೊತ್ತಿದ್ರೆ ನಮ್ಮ ಜಗಳ ಸ್ವಲ್ಪ ಬುದ್ಧಿವಂತಿಕೆಯಿಂದ ಆಡಬಹುದು.

ಕಥೆ ಶುರುವಾಗೋದು ಬ್ರೆಜಿಲ್ ದೇಶದ ಕುರಿಚಿಬಾ ಅನ್ನೋ ಊರಲ್ಲಿ. 1971ರಲ್ಲಿ ಜೈಮಿ ಲರ್ನರ್ ಅನ್ನೋ ವಾಸ್ತುಶಿಲ್ಪಿ ಅಲ್ಲಿ ಮೇಯರ್ ಆದ್ರು. ಆಗ ಬ್ರೆಜಿಲ್‌ನಲ್ಲಿ ಮಿಲಿಟರಿ ಆಡಳಿತ, ಆ ಊರಿನ ಮೇಯರನ್ನ ಜನ ಆರಿಸ್ತಿರಲಿಲ್ಲ, ಮೇಲಿನಿಂದ ನೇಮಕ. ಇದನ್ನೂ ಹೇಳಲೇಬೇಕು, ಯಾಕಂದ್ರೆ ಲರ್ನರ್ ಅವರನ್ನ ಹೊಗಳೋರು ಇದನ್ನ ಮರೆತುಬಿಡ್ತಾರೆ. 1972ರಲ್ಲಿ ಊರಿನ ಮುಖ್ಯ ಬಜಾರಿನ ಬೀದಿಯನ್ನ ನಡೆದಾಡುವವರಿಗೆ ಮಾತ್ರ ಅಂತ ಮಾಡೋಕೆ ಅವರು ಹೊರಟ್ರು. ಅಂಗಡಿಯವರು ಕೆಂಡಾಮಂಡಲ. ಲರ್ನರ್ ಏನ್ ಮಾಡಿದ್ರು ಗೊತ್ತಾ? ಶುಕ್ರವಾರ ಸಂಜೆ ಕೆಲಸ ಶುರು ಮಾಡಿಸಿ ಸುಮಾರು 72 ಗಂಟೆಯಲ್ಲಿ ಮುಗಿಸಿಬಿಟ್ರು. ಕೋರ್ಟಿಗೆ ಹೋಗೋಕೂ ಸಮಯ ಸಿಗಲಿಲ್ಲ. ಕಾರಿನವರು ನುಗ್ಗಿಸೇ ನುಗ್ಗಿಸ್ತೀವಿ ಅಂತ ಬೆದರಿಕೆ ಹಾಕಿದಾಗ, ಬೀದಿ ತುಂಬ ಕಾಗದ ಹಾಸಿ ಮಕ್ಕಳನ್ನ ಚಿತ್ರ ಬಿಡಿಸೋಕೆ ಕೂರಿಸಿದ್ರು. ಅಷ್ಟೇ, ಕಾರುಗಳು ವಾಪಸ್. ಮೊದಲು ಬೈದಿದ್ದ ವ್ಯಾಪಾರಿಗಳೇ ಆಮೇಲೆ ನಮ್ಮ ಬೀದಿಗೂ ಮಾಡಿ ಅಂತ ಬಂದ್ರು.

ಮೆಟ್ರೋ ಕಟ್ಟೋಕೆ ಆ ಊರಿನ ಹತ್ರ ದುಡ್ಡಿರಲಿಲ್ಲ. ಹಾಗಾಗಿ 1974ರಲ್ಲಿ ರಸ್ತೆ ಮಧ್ಯದ ಎರಡು ಲೇನ್‌ಗಳನ್ನ ಬಸ್ಸಿಗೆ ಬರೆದುಕೊಟ್ರು. ಮೆಟ್ರೋ ಮಾಡೋ ಕೆಲಸವನ್ನ ಬಸ್ಸಿನ ಕೈಲಿ ಮಾಡಿಸೋ ಉಪಾಯ. ನಮ್ಮ ಚಿಗರಿಯ ಮುತ್ತಜ್ಜ ಹುಟ್ಟಿದ್ದು ಅಲ್ಲಿ.

ಅಜ್ಜ ಹುಟ್ಟಿದ್ದು ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ. ಸಮುದ್ರಮಟ್ಟದಿಂದ 2,600 ಮೀಟರ್ ಎತ್ತರದ ಊರು. ತೊಂಬತ್ತರ ದಶಕದಲ್ಲಿ ಅಲ್ಲಿ ಬಸ್ಸುಗಳೆಲ್ಲ ಖಾಸಗಿ. ಎಷ್ಟು ಜನ ಹತ್ತಿದ್ರೋ ಅಷ್ಟು ಸಂಪಾದನೆ. ಹಾಗಾಗಿ ಒಬ್ಬ ಪ್ಯಾಸೆಂಜರ್‌ಗಾಗಿ ಎರಡು ಬಸ್ಸು ರೇಸ್ ಬೀಳೋದು, ನಡುರಸ್ತೆಯಲ್ಲಿ ಗಕ್ಕನೆ ನಿಲ್ಲೋದು. ಇದಕ್ಕೆ ಅಲ್ಲಿನ ಜನ ಇಟ್ಟ ಹೆಸರು ‘ಕಾಸಿನ ಯುದ್ಧ’. ಮಂಗಳೂರು, ಉಡುಪಿ ಕಡೆಯ ಓದುಗರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ ಅನ್ಕೋತೀನಿ. ಟೈಮಿಂಗ್ ಬಸ್ಸಿನ ಓಟ ಅವರಿಗೆ ಗೊತ್ತಿರೋದೇ.

ಆದರೆ ಅದೇ ಊರಲ್ಲಿ ಇನ್ನೊಂದು ಸಂಪ್ರದಾಯವೂ ಇತ್ತು. 1974ರ ಡಿಸೆಂಬರ್ 15ರಂದು ಸೈಕಲ್ ಪ್ರಿಯರ ಒಂದು ಗುಂಪು ಮುಖ್ಯರಸ್ತೆಗಳನ್ನ ಕೆಲವು ಗಂಟೆ ಕಾರಿಗೆ ಮುಚ್ಚಿಸಿತು. ಸಾವಿರಾರು ಜನ ಸೈಕಲ್ ತಗೊಂಡು ಬೀದಿಗಿಳಿದ್ರು. ಅದು ನಿಂತೇ ಇಲ್ಲ. ಈಗಲೂ ಭಾನುವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಬೊಗೊಟಾದ ನೂರು ಕಿಲೋಮೀಟರ್‌ಗಿಂತ ಹೆಚ್ಚು ರಸ್ತೆ ಸೈಕಲ್, ನಡಿಗೆ, ಮಕ್ಕಳ ಸ್ಕೇಟಿಂಗ್‌ಗೆ ಮೀಸಲು.

1998ರಲ್ಲಿ ಎನ್ರೀಕೆ ಪೆನಲೋಸಾ ಮೇಯರ್ ಆದಾಗ ಅವರ ಮೇಜಿನ ಮೇಲೆ ಜಪಾನಿನ ನೆರವಿನ ಸಂಸ್ಥೆಯ ಒಂದು ಯೋಜನೆ ಇತ್ತು. ಊರಿನ ತುಂಬ ಎತ್ತರದ ಹೆದ್ದಾರಿಗಳು! ನಮ್ಮ ಬೆಂಗಳೂರಿನವರಿಗೆ ಪರಿಚಯದ ಮದ್ದು. ಪೆನಲೋಸಾ ಅದನ್ನ ಬದಿಗಿಟ್ರು. ಅವರ ತರ್ಕ ಸರಳ: ನೂರು ಜನ ಕೂತ ಬಸ್ಸಿಗೆ, ಒಬ್ಬ ಕೂತ ಕಾರಿಗಿಂತ ನೂರು ಪಟ್ಟು ಹೆಚ್ಚು ರಸ್ತೆ ಸಿಗಬೇಕು. ಪ್ರಜಾಪ್ರಭುತ್ವ ಅಂದ್ರೆ ಅದೇ ಅಲ್ವಾ ಅಂತ ಅವರ ಪ್ರಶ್ನೆ.

ಫುಟ್‌ಪಾತ್ ಮೇಲೆ ನಿಲ್ಲಿಸ್ತಿದ್ದ ಕಾರುಗಳನ್ನ ಕಂಬ ನೆಟ್ಟು ಓಡಿಸಿದ್ರು. ಅಂಗಡಿಯವರು ಸಿಟ್ಟಾಗಿ, ಮೇಯರನ್ನೇ ಇಳಿಸಬೇಕು ಅಂತ ಸಹಿ ಸಂಗ್ರಹ ಶುರುವಾಯ್ತು. ಅವರು ಜಗ್ಗಲಿಲ್ಲ. ಮೂರೇ ವರ್ಷದ ಅವಧಿಯಲ್ಲಿ ಸುಮಾರು 300 ಕಿಲೋಮೀಟರ್ ಸೈಕಲ್ ಪಥ ಹಾಕಿಸೋ ಕೆಲಸ ಹಿಡಿದ್ರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಊರಂಚಿನ ಬಡವರ ಬಡಾವಣೆಯಲ್ಲಿ ಅವರು ಮಾಡಿದ್ದು. ಅಲ್ಲಿ ನಡೆಯೋರಿಗೂ ಸೈಕಲ್‌ನವರಿಗೂ ಅಗಲವಾದ ನುಣುಪು ದಾರಿ ಹಾಕಿದ್ರು. ಪಕ್ಕದ ಕಾರಿನ ರಸ್ತೆ? ಅದು ಕೆಸರಾಗಿಯೇ ಇತ್ತು. ಯಾರು ಹೆಚ್ಚಿದ್ದಾರೋ ಅವರಿಗೆ ಮೊದಲು ಟಾರು. ನಮ್ಮಲ್ಲಿ ಯಾವ ಎಂಜಿನಿಯರ್ ಇಂಥ ಕಡತಕ್ಕೆ ಸಹಿ ಹಾಕ್ತಾರೆ, ಹೇಳಿ ನೋಡೋಣ.

2000ದ ಡಿಸೆಂಬರ್‌ನಲ್ಲಿ, ಅಧಿಕಾರ ಮುಗಿಯೋ ಹೊತ್ತಿಗೆ, ಟ್ರಾನ್ಸ್‌ಮಿಲೇನಿಯೋ ಅನ್ನೋ ಬಸ್ ವ್ಯವಸ್ಥೆ ಓಡಿತು. 160 ಜನ ಹಿಡಿಸೋ ಕೆಂಪು ಬಸ್ಸು, ಮೊದಲೇ ಟಿಕೆಟ್, ಬಸ್ಸಿನ ನೆಲಕ್ಕೆ ಸಮನಾದ ಪ್ಲಾಟ್‌ಫಾರಂ. ಮುಖ್ಯ ಗುಟ್ಟು ಬೇರೆ ಇತ್ತು. ಬಸ್ ಕಂಪನಿಗೆ ದುಡ್ಡು ಕೊಡೋದು ಜನರ ತಲೆ ಎಣಿಸಿ ಅಲ್ಲ, ಓಡಿದ ಕಿಲೋಮೀಟರ್ ಲೆಕ್ಕದಲ್ಲಿ. ಕಾಸಿನ ಯುದ್ಧಕ್ಕೆ ಕಾರಣವೇ ಇಲ್ಲದ ಹಾಗಾಯ್ತು. ಹಳೇ ಬಸ್ಸಿನ ಮಾಲೀಕರನ್ನೂ ಹೊಸ ಕಂಪನಿಗಳಲ್ಲಿ ಪಾಲುದಾರರಾಗಿ ಸೇರಿಸ್ಕೊಂಡ್ರು, ಇಲ್ಲಾಂದ್ರೆ ಅವರು ಸುಮ್ನಿರ್ತಿದ್ರಾ?

ಇಲ್ಲಿಗೆ ಕಥೆ ಸುಖಾಂತ್ಯ ಅಂತ ಮುಗಿಸಿದ್ರೆ ಅದು ಅರ್ಧ ಸುಳ್ಳು. 2016ರ ಹೊತ್ತಿಗೆ 388 ಕಿಲೋಮೀಟರ್ ಜಾಲ ಅಂತ ಯೋಜನೆ ಇತ್ತು, ಮೂರನೇ ಒಂದು ಭಾಗವೂ ಮುಗಿಯಲಿಲ್ಲ. ಜನ ಹೆಚ್ಚಿದ್ರು, ದಾರಿ ಬೆಳೆಯಲಿಲ್ಲ. 2012ರ ಮಾರ್ಚ್‌ನಲ್ಲಿ ನೂಕುನುಗ್ಗಲಿಗೆ ರೋಸಿದ ಜನ ಬೀದಿಗಿಳಿದ್ರು, ನಿಲ್ದಾಣಗಳ ಗಾಜು ಪುಡಿಯಾಯ್ತು. ಅಲ್ಲೀಗ ಮೆಟ್ರೋ ಕಟ್ಟೋ ಕೆಲಸ ನಡೀತಿದೆ. ಆದರೆ ಗಮನಿಸಿ, ಬಸ್ಸಿನ ಲೇನ್ ಕಿತ್ತು ಕಾರಿಗೆ ಕೊಡಿ ಅಂತ ಗಾಜು ಒಡೆದಿದ್ದಲ್ಲ ಅವರು. ಇನ್ನೂ ಹೆಚ್ಚು ಬಸ್ಸು ಕೊಡಿ ಅಂತ.

ಕಾರಿನವರು ಗೆದ್ದಿದ್ದು ನಮ್ಮ ದೆಹಲಿಯಲ್ಲಿ. 2008ರ ಏಪ್ರಿಲ್‌ನಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿಲೋಮೀಟರ್ ಬಿ.ಆರ್.ಟಿ. ಮಾರ್ಗ ಶುರುವಾಯ್ತು. ನಡುವೆ ಬಸ್ಸು, ಪಕ್ಕದಲ್ಲಿ ಕಾರು, ಅಂಚಿನಲ್ಲಿ ಸೈಕಲ್ ಪಥ, ಫುಟ್‌ಪಾತ್. ಆ ದಾರಿಯಲ್ಲಿ ವಾಹನ ಎಣಿಸಿದ್ರೆ ಬಸ್ಸು ಅತಿ ಕಡಿಮೆ. ಜನರನ್ನ ಎಣಿಸಿದ್ರೆ ಅರ್ಧಕ್ಕಿಂತ ಹೆಚ್ಚು ಮಂದಿ ಬಸ್ಸಿನೊಳಗೇ. ಮೊದಲ ದಿನದಿಂದಲೇ ಸಿಗ್ನಲ್‌ಗಳು ಕೈಕೊಟ್ಟವು, ಕಾರುಗಳ ಸಾಲು ಬೆಳೆಯಿತು. ಟಿವಿ ಕ್ಯಾಮೆರಾಗಳು ಎಲ್ಲಿ ನಿಂತವು? ಕಾರಿನ ಸಾಲಲ್ಲಿ. ಮೈಕ್ ಹೋಗಿದ್ದು ಕಾರಿನ ಕಿಟಕಿಗೆ. ಬಸ್ಸಿನೊಳಗೆ ಹತ್ತಿ, ‘ಅಮ್ಮಾ, ನಿಮಗೆ ಎಷ್ಟು ಹೊತ್ತು ಉಳೀತು?’ ಅಂತ ಕೇಳಿದ ವರದಿ ಬಲು ಅಪರೂಪ. ನನ್ನದೇ ವೃತ್ತಿಯವರು, ಅದಕ್ಕೇ ಬಿಡಿಸಿ ಹೇಳ್ತಿದ್ದೀನಿ.

ಇನ್ನು ‘ಖಾಲಿ ಲೇನ್’ ವಿಚಾರ. ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ 60 ಜನ ಅಂತಿಟ್ಕೊಳ್ಳಿ. ಗಂಟೆಗೆ 3,600 ಜನ ದಾಟಿದ್ರು. ಬಸ್ಸು 40 ಕಿಲೋಮೀಟರ್ ವೇಗದಲ್ಲಿದ್ರೆ ಎರಡು ಬಸ್ಸಿನ ನಡುವೆ 600 ಮೀಟರ್‌ಗೂ ಹೆಚ್ಚು ಜಾಗ ಬರಿದಾಗಿಯೇ ಕಾಣುತ್ತೆ. ಅಷ್ಟೇ ಜನ ಕಾರಿಗಿಬ್ಬರಂತೆ ಹೋಗೋಕೆ 1,800 ಕಾರು ಬೇಕು. ಕಣ್ಣಿಗೆ ಖಾಲಿ ಕಾಣೋ ಲೇನ್, ಜಾಮ್ ಆದ ಲೇನ್‌ಗಿಂತ ಹೆಚ್ಚು ಜನರನ್ನ ಸಾಗಿಸ್ತಿರುತ್ತೆ!

ಕಾರಿನವರ ಸಮಯ, ಪೆಟ್ರೋಲ್ ಹಾಳಾಗ್ತಿದೆ ಅಂತ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಯ್ತು. 2012ರ ಅಕ್ಟೋಬರ್‌ನಲ್ಲಿ ಕೋರ್ಟು ಅರ್ಜಿಯನ್ನ ವಜಾ ಮಾಡಿತು. ಕಾನೂನಿನಲ್ಲಿ ಬಸ್ಸು ಗೆದ್ದಿತು. ಆದರೂ 2015ರಲ್ಲಿ ದೆಹಲಿ ಸರ್ಕಾರ ಇದು ಬೇಡ ಅಂತ ತೀರ್ಮಾನಿಸಿತು, ಮುಂದಿನ ವರ್ಷ ಜೆಸಿಬಿ ಬಂತು. ಯೋಜನೆಯಲ್ಲಿ ತಪ್ಪೇ ಇರಲಿಲ್ಲ ಅಂತ ನಾನು ಹೇಳಲ್ಲ. ತುಂಡು ಮಾರ್ಗ, ಬಂದ ಯಾವ ಬಸ್ಸಾದ್ರೂ ನುಗ್ಗಬಹುದಾದ ಲೇನ್, ಕೆಟ್ಟ ಸಿಗ್ನಲ್. ಆದರೆ ರಿಪೇರಿ ಮಾಡೋ ಬದಲು ಕಿತ್ತೇ ಹಾಕಿದ್ರು. ಅದೇ ಕಾಲದಲ್ಲಿ, 2009ರಲ್ಲಿ, ಅಹಮದಾಬಾದ್ ಶುರು ಮಾಡಿದ ಜನಮಾರ್ಗ ಉಳಿದುಕೊಂಡು ಬೆಳೆಯಿತು.

ಹಾಗಾಗಿ ಹುಬ್ಬಳ್ಳಿ–ಧಾರವಾಡದ ಜಗಳವನ್ನ ನಾನು ಹಗುರಾಗಿ ತಗೊಳ್ಳಲ್ಲ. ದೂರುಗಳಲ್ಲಿ ಹುರುಳಿದೆ. ಮಳೆ ಬಂದ್ರೆ ಧಾರವಾಡದ ಟೋಲ್ ನಾಕಾ ಹತ್ರ ನೀರು ನಿಲ್ಲೋದು ನಿಜ, ಪಕ್ಕದ ಲೇನ್ ಇಕ್ಕಟ್ಟಾಗಿರೋದೂ ನಿಜ. ಬೊಗೊಟಾದಲ್ಲಿ ಬಸ್ಸಿನ ಲೇನ್ ಜೊತೆ ಫುಟ್‌ಪಾತ್ ಬಂತು, ಸೈಕಲ್ ಪಥ ಬಂತು. ನಮ್ಮಲ್ಲಿ ಬಸ್ಸಿನ ಬಗ್ಗೆ ಇಷ್ಟು ವರ್ಷ ಜಗಳ ಆಗಿದೆ, ನಿಲ್ದಾಣಕ್ಕೆ ನಡೆದು ಬರೋ ಹುಡುಗಿ ಎಲ್ಲಿ ಹೆಜ್ಜೆ ಇಡಬೇಕು ಅನ್ನೋ ಬಗ್ಗೆ ಎಷ್ಟು ಸಭೆ ಆಗಿವೆ?

ಧಾರವಾಡದ ಕಾಲೇಜಿಗೆ ಹೋಗೋ ಮಕ್ಕಳು, ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಬರೋ ರೋಗಿಗಳು, ಕೋರ್ಟಿಗೆ ಅಲೆಯೋರು, ಇವರೆಲ್ಲ ಆ ಬಸ್ಸಿನಲ್ಲಿದ್ದಾರೆ. ಲೇನ್ ಎಲ್ಲರಿಗೂ ಬಿಡಬೇಕಾ ಬೇಡವಾ ಅಂತ ತೀರ್ಮಾನಿಸೋ ಮುಂಚೆ, ಒಂದು ಸೋಮವಾರ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಉಣಕಲ್ ಹತ್ರ ನಿಂತು ಎರಡೂ ಕಡೆಯ ಲೆಕ್ಕ ತೆಗೀಲಿ. ಗಾಡಿ ಬೇಡ, ತಲೆ ಎಣಿಸಲಿ. ಆ ಅಂಕಿ ಹಿಡ್ಕೊಂಡು ಬರೋ ಯಾವ ಅಧಿಕಾರಿಗಾದ್ರೂ ನನ್ನ ಕಾರ್ಯಕ್ರಮದಲ್ಲಿ ಒಂದಿಡೀ ಗಂಟೆ ಬಿಟ್ಟುಕೊಡ್ತೀನಿ.