ಕೇಳಿದವರಿಗೆಲ್ಲ ಹೊಸದಾಗಿ ಹಾಡಿದವನು

ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರ. 1980ರ ದಶಕದ ನಡುಭಾಗ. ಅಲ್ಲಿನ ಮ್ಯಾಕ್‌ಡೊನಾಲ್ಡ್ಸ್‌ನಲ್ಲಿ ಕೆಲಸಕ್ಕಿದ್ದ ಯುವಕನೊಬ್ಬ ಎದುರು ಸಿಕ್ಕವರ ಕೈಗೆಲ್ಲ ತನ್ನ ಹಾಡುಗಳ ಕ್ಯಾಸೆಟ್ ಇಡುತ್ತಿದ್ದ. ಹೊದಿಕೆಯ ಚಿತ್ರವೂ ಅವನೇ ಬರೆದದ್ದು. ಹೆಸರು ಡೇನಿಯಲ್ ಜಾನ್‌ಸ್ಟನ್.

ಆರಂಭದಲ್ಲಿ ಕ್ಯಾಸೆಟ್‌ನ ಪ್ರತಿ ತೆಗೆಯುವ ಅನುಕೂಲವೂ ಅವನಿಗಿರಲಿಲ್ಲ. ಯಾರಾದರೂ ಕೇಳಿದರೆ ರೆಕಾರ್ಡರ್ ಮುಂದೆ ಕುಳಿತು ಇಡೀ ಆಲ್ಬಮನ್ನು ಮೊದಲಿನಿಂದ ಮತ್ತೆ ಹಾಡಿ ಕೊಡುತ್ತಿದ್ದ. ಹಳೆಯ ಕಾಲದ ಕಾತಿಬರು ಕಿತಾಬು ನಕಲು ಮಾಡುತ್ತಿದ್ದರಲ್ಲ, ಹಾಗೆ. ಕಾತಿಬನ ಎರಡು ಪ್ರತಿಗಳು ಎಂದೂ ಒಂದೇ ಆಗಿರುವುದಿಲ್ಲ.

ಡೇನಿಯಲ್ ಹುಟ್ಟಿದ್ದು 1961ರಲ್ಲಿ, ಬೆಳೆದದ್ದು ವೆಸ್ಟ್ ವರ್ಜೀನಿಯಾದ ದೈವಭೀರು ಕ್ರೈಸ್ತ ಕುಟುಂಬದಲ್ಲಿ. ಬೀಟಲ್ಸ್ ಹಾಡುಗಳ ಹುಚ್ಚು, ಕಾಮಿಕ್ಸ್ ಹುಚ್ಚು. ಕಾಲೇಜಿನಲ್ಲಿ ಒಬ್ಬ ಹುಡುಗಿಯನ್ನು ಪ್ರೀತಿಸಿದ. ಅವಳು ಬೇರೊಬ್ಬನನ್ನು ಮದುವೆಯಾದಳು. ಆ ಒಂದು ನೋವು ನೂರಾರು ಹಾಡುಗಳಿಗೆ ಸಾಕಾಯಿತು. 1981ರ ‘ಸಾಂಗ್ಸ್ ಆಫ್ ಪೇನ್’ ಮನೆಯ ನೆಲಮಾಳಿಗೆಯಲ್ಲಿ, ಪಿಯಾನೊ ಎದುರು, ಅಗ್ಗದ ರೆಕಾರ್ಡರ್‌ನಲ್ಲಿ ಹುಟ್ಟಿತು. ಮಗ ಕೆಲಸಕ್ಕೆ ಬಾರದವನಾದನೆಂದು ತಾಯಿ ಬೈಯುವುದನ್ನೂ ಅವನು ಟೇಪಿನಲ್ಲಿ ಹಿಡಿದಿಟ್ಟಿದ್ದಾನೆ.

ಅವನನ್ನು ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಬೇಕು? ಸ್ಟುಡಿಯೊದಲ್ಲಿ ತಯಾರಾದ 1994ರ ‘ಫನ್’ ಆಲ್ಬಮ್ ಕಿವಿಗೆ ಸುಲಭ. ಆದರೆ ನಾನು ಹೇಳುವುದು 1983ರ ಎರಡು ಕ್ಯಾಸೆಟ್‌ಗಳನ್ನು. ‘ಯಿಪ್ ಜಂಪ್ ಮ್ಯೂಸಿಕ್’ ಹ್ಯೂಸ್ಟನ್‌ನ ಅಣ್ಣನ ಮನೆಯಲ್ಲಿ, ಆಟಿಕೆಯಂಥ ಕಾರ್ಡ್ ಆರ್ಗನ್ ಮೇಲೆ ನುಡಿಸಿದ್ದು. ‘ಹೈ, ಹೌ ಆರ್ ಯು’ ಅದರ ಹಿಂದೆಯೇ ಬಂದದ್ದು, ಮನಸ್ಸು ಕುಸಿಯುತ್ತಿದ್ದ ದಿನಗಳದ್ದು. ಅದನ್ನು ಅವನೇ ಅಪೂರ್ಣ ಎಂದು ಕರೆದ. ಟೇಪಿನ ಗೊರಗೊರ ಮೊದಲು ಕಿರಿಕಿರಿ ಎನಿಸುತ್ತದೆ. ಮುಷಾಯಿರಾದಲ್ಲಿ ಸಂಗೀತ ಕಲಿಯದ ಶಾಯರನೊಬ್ಬ ಒಡಕು ದನಿಯಲ್ಲೇ ತರನ್ನುಮ್‌ನಲ್ಲಿ ಗಜಲ್ ಓದಿದರೆ ನಾವು ‘ವಾಹ್’ ಎನ್ನುತ್ತೇವೆ. ಆ ಕಿವಿ ಇಟ್ಟುಕೊಂಡು ಕೇಳಿ. ಎರಡನೇ ಸಲಕ್ಕೆ ರಾಗ ಅಂಟಿಕೊಳ್ಳುತ್ತದೆ.

1985ರಲ್ಲಿ ಎಂಟಿವಿ ಅವನನ್ನು ತೋರಿಸಿತು. 1992ರಲ್ಲಿ ನಿರ್ವಾಣ ತಂಡದ ಕರ್ಟ್ ಕೊಬೇನ್ ಅವನ ಕಪ್ಪೆ ಚಿತ್ರದ ಅಂಗಿ ತೊಟ್ಟು ಎಂಟಿವಿ ಪ್ರಶಸ್ತಿ ಸಮಾರಂಭಕ್ಕೆ ಬಂದ ಮೇಲೆ ದೊಡ್ಡ ಕಂಪೆನಿಗಳು ಹಿಂದೆ ಬಿದ್ದವು. ಎಲೆಕ್ಟ್ರಾ ಕಂಪೆನಿಯ ಒಪ್ಪಂದವನ್ನು ಅವನು ಒಲ್ಲೆನೆಂದ. ಅದೇ ಕಂಪೆನಿಯಲ್ಲಿದ್ದ ಮೆಟಾಲಿಕಾ ತಂಡ ಸೈತಾನನದು ಎಂಬ ಭಯ! ಅಟ್ಲಾಂಟಿಕ್‌ಗಾಗಿ ಮಾಡಿದ ‘ಫನ್’ ಮಾರಾಟವಾಗಲಿಲ್ಲ, ಅವರೂ ಕೈಬಿಟ್ಟರು.

ಉರ್ದುವಿನ ‘ದೀವಾನಾ’ ಪದದಲ್ಲಿ ಹುಚ್ಚನೂ ಪ್ರೇಮಿಯೂ ಒಟ್ಟಿಗೇ ಇದ್ದಾರೆ. ಡೇನಿಯಲ್‌ನನ್ನು ಹಾಗೆ ಕರೆದುಬಿಡುವ ಆಸೆ ನನಗೂ ಆಗುತ್ತದೆ. ಆದರೆ 1990ರಲ್ಲಿ ನಡೆದದ್ದು ಕಾವ್ಯವಲ್ಲ. ಆಸ್ಟಿನ್‌ನಲ್ಲಿ ಹಾಡಿ, ತಂದೆ ನಡೆಸುತ್ತಿದ್ದ ಪುಟ್ಟ ವಿಮಾನದಲ್ಲಿ ಮರಳುವಾಗ ಉನ್ಮಾದದಲ್ಲಿ ಅವನು ಅದರ ಕೀಲಿ ಕಿತ್ತು ಹೊರಗೆಸೆದ. ತಂದೆ ಹಳೆಯ ವಾಯುಪಡೆ ಪೈಲಟ್ ಆದ್ದರಿಂದ ವಿಮಾನ ಮರಗಳ ಮೇಲೆ ಬಿದ್ದರೂ ಇಬ್ಬರೂ ಬದುಕಿದರು. ಬೈಪೋಲಾರ್ ಎಂಬ ಆ ಕಾಯಿಲೆ ಅವನನ್ನು ಮತ್ತೆ ಮತ್ತೆ ಆಸ್ಪತ್ರೆಗೆ ಕಳಿಸಿತು. 2005ರ ಸಾಕ್ಷ್ಯಚಿತ್ರ ‘ದ ಡೆವಿಲ್ ಅಂಡ್ ಡೇನಿಯಲ್ ಜಾನ್‌ಸ್ಟನ್’ ನೋಡಿ ಬಂದ ಎಷ್ಟೋ ಮಂದಿ ಹಾಡಿಗಿಂತ ಹುಚ್ಚನ್ನೇ ಹುಡುಕುತ್ತಾರೆ. ಟೇಪಿನಲ್ಲಿ ಬೈದ ಆ ತಾಯಿ ಮತ್ತು ಅವಳ ಗಂಡ ತಮ್ಮ ಇಳಿವಯಸ್ಸಿನವರೆಗೂ ಟೆಕ್ಸಾಸ್‌ನ ವಾಲರ್ ಎಂಬ ಊರಿನಲ್ಲಿ ಮಗನನ್ನು ನೋಡಿಕೊಂಡರು. ಅದು ಯಾರ ಅಂಗಿಯ ಮೇಲೂ ಅಚ್ಚಾಗಲಿಲ್ಲ.

2017ರಲ್ಲಿ ಕೊನೆಯ ಪ್ರವಾಸ. ಒಂದೊಂದು ಊರಿನಲ್ಲಿ ಒಂದೊಂದು ತಂಡ ಹಳೆಯ ಕ್ಯಾಸೆಟ್‌ಗಳ ಹಾಡು ಕಲಿತು ಅವನ ಹಿಂದೆ ನಿಂತು ನುಡಿಸಿತು. ಎರಡು ವರ್ಷಗಳ ನಂತರ, 2019ರ ಸೆಪ್ಟೆಂಬರ್‌ನಲ್ಲಿ ಅವನು ತೀರಿಕೊಂಡ. ವಯಸ್ಸು 58.